ಹಿಂದಿನ ಸೀಟಿನ ತೂಕ

ದಡ್... ದುಬ್.

ಗಾಡಿ ರಿಪೇರಿ ಅಂಗಡಿಯ ಮುಂದಿನ ಚರಂಡಿಗೆ ಹಾಸಿದ್ದ ಚಪ್ಪಡಿಕಲ್ಲೊಂದು ವರ್ಷಗಳಿಂದ ಅಲುಗಾಡುತ್ತಿತ್ತು. ಅದರ ಮೇಲೆ ಯಾವ ಗಾಡಿ ಹತ್ತಿದರೂ 'ನಾಳೆ ಮೇಸ್ತ್ರಿ' ತಲೆ ಎತ್ತದೆ ಹೇಳಿಬಿಡುತ್ತಿದ್ದ, ಗಾಡಿ ಯಾರದು, ಹಿಂದೆ ಯಾರಾದರೂ ಕೂತಿದ್ದಾರೋ ಇಲ್ಲವೋ ಅಂತ. ಈಗ ಕೇಳಿದ್ದು ಮುಂದಿನ ಒಂಟಿ ಚಕ್ರದ ದಡ್, ಅದರ ಬೆನ್ನಿಗೇ ಹಿಂದಿನ ಜೋಡಿ ಚಕ್ರಗಳ ದುಬ್. ಆ ಎರಡನೆಯ ಸದ್ದು ತುಂಬಿದ ಚೀಲವನ್ನು ಹುಷಾರಾಗಿ ನೆಲಕ್ಕಿಟ್ಟಷ್ಟು ಮೆತ್ತಗಿತ್ತು. ಭಾವನ ಮೂರು ಚಕ್ರದ ಬೈಕು. ಹಿಂದೆ ಅಕ್ಕ ಕೂತಿದ್ದಾಳೆ.

ಹಾಗೆಂದುಕೊಂಡೇ ಅವನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಬಟ್ಟೆಯ ತುಂಡಿಗೆ ಕೈ ಒರೆಸಿಕೊಳ್ಳುತ್ತ ಎದ್ದ. ಬಾಗಿಲಿಗೆ ಬರುವಷ್ಟರಲ್ಲಿ ನೆನಪಾಯಿತು. ಅಕ್ಕ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಹೊರಗೆ ಭಾವ ಒಬ್ಬನೇ ಇದ್ದ. ಊರುಗೋಲನ್ನು ಗಾಡಿಯ ಪಕ್ಕದ ಕೊಕ್ಕೆಯಿಂದ ಬಿಡಿಸಿಕೊಳ್ಳುತ್ತಿದ್ದ.

"ಏನಯ್ಯಾ, ದೆವ್ವ ಕಂಡವನ ಹಾಗೆ ನಿಂತಿದ್ದೀಯ?"

"ಏನಿಲ್ಲ ಭಾವ. ಒಂದು ಮಾತು ಹೇಳಿದ್ರೆ ನಾನೇ ಮನೆಗೆ ಬರ್ತಿದ್ನಲ್ಲ."

"ಬರ್ತಿದ್ದೆ. ಯಾವತ್ತು? ನಾಳೆನಾ?"

ಇಬ್ಬರೂ ನಕ್ಕರು. 'ನಾಳೆ ಮೇಸ್ತ್ರಿ' ಎಂಬ ಹೆಸರು ಅವನಿಗೆ ಅಂಟಿಕೊಂಡು ಇಪ್ಪತ್ತು ವರ್ಷ ಮೇಲಾಗಿತ್ತು. ಗಾಡಿ ತಂದವರಿಗೆಲ್ಲ ಅವನು ಹೇಳುತ್ತಿದ್ದುದು ಒಂದೇ ಮಾತು: "ನಾಳೆ ಬನ್ನಿ." ಸೋಮಾರಿತನ ಅವನ ರಕ್ತದಲ್ಲೇ ಇರಲಿಲ್ಲ. ಒಂದು ನಟ್ಟು ಬಿಚ್ಚಲು ಕೂತರೆ ಅದರ ಅಕ್ಕಪಕ್ಕದ ನಾಲ್ಕನ್ನು ಒರೆಸಿ, ನೋಡಿ, ಎಣ್ಣೆ ಬಿಟ್ಟು, ಮತ್ತೆ ನೋಡಿ ಕೂರಿಸುವ ಜಾತಿ ಅವನದು. ಹಾಗಾಗಿ ಇವತ್ತಿನ ಕೆಲಸ ನಾಳೆಗೆ ಉಳಿಯುತ್ತಿತ್ತು. ಮದುವೆಯ ಮಾತೆತ್ತಿದವರಿಗೂ "ನೋಡೋಣ, ನಾಳೆ" ಅಂದೂ ಅಂದೂ ನಲವತ್ತೆಂಟಕ್ಕೆ ಬಂದು ನಿಂತಿದ್ದ. "ನಮ್ಮಮ್ಮ ಇವನನ್ನ ಹೆರೋಕೆ ಎರಡು ದಿನ ಒದ್ದಾಡಿದ್ಲು. ಹೊಟ್ಟೆ ಒಳಗಿಂದಾನೇ ನಾಳೆ ಬರ್ತೀನಿ ಅಂತಿದ್ದ" ಎಂದು ಅಕ್ಕ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದಳು.

ಅವಳಿಗೆ ಆ ಹಕ್ಕಿತ್ತು. ಅಮ್ಮ ಹೋದಾಗ ಅವನಿಗೆ ಆರು, ಅವಳಿಗೆ ಹದಿನಾಲ್ಕು. ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯೊಂದರಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರಿಕೊಂಡು, ತಮ್ಮನನ್ನು ಮೇಜಿನ ಕೆಳಗೆ ಬಟ್ಟೆಚೂರುಗಳ ಮೇಲೆ ಮಲಗಿಸಿಕೊಂಡೇ ಅವಳು ಅವನನ್ನು ದೊಡ್ಡವನನ್ನಾಗಿ ಮಾಡಿದಳು. ತಲೆಯ ಮೇಲೆ ಹೊಲಿಗೆಯಂತ್ರ ಓಡುವ ಸದ್ದು ಕೇಳುತ್ತಲೇ ಅವನು ನಿದ್ದೆ ಹೋಗುತ್ತಿದ್ದ. ಯಂತ್ರದ ಸದ್ದು ಕೆಟ್ಟರೆ ಎಚ್ಚರವಾಗುತ್ತಿತ್ತು. ಅವನ ಕಿವಿ ಪಳಗಿದ್ದು ಅಲ್ಲಿ.

ಅವಳು ಮದುವೆಯಾಗುತ್ತೇನೆಂದು ಹೊರಟಿದ್ದು ಪುಸ್ತಕಕ್ಕೆ ರಟ್ಟು ಕಟ್ಟುವ ಈ ಮನುಷ್ಯನನ್ನು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವನ ಎಡಗಾಲನ್ನು ಒಣಕಲು ಕಡ್ಡಿಯಂತೆ ಮಾಡಿ ಹೋಗಿತ್ತು. ನೆಂಟರಿಷ್ಟರು ಮೂಗು ಮುರಿದಾಗ ಅವಳು ಹೇಳಿದಳಂತೆ: "ನನಗೆರಡು ಕಾಲು, ಅವರಿಗೊಂದು. ಒಟ್ಟು ಮೂರಾಯ್ತಲ್ಲ, ಸಂಸಾರಕ್ಕೆ ಧಾರಾಳ." ಆಮೇಲೆ ತಮ್ಮನ ಕಡೆ ತಿರುಗಿ, "ಮೂರು ಕಾಲಿನ ಸಂಸಾರಕ್ಕೆ ಮೂರು ಚಕ್ರದ ಗಾಡಿ ಮಾಡಿಕೊಡೋ ಪುಟ್ಟಾ" ಅಂದಳು. ಪುಟ್ಟ ಎಂದು ಅವನನ್ನು ಕರೆಯುತ್ತಿದ್ದವಳು ಅವಳೊಬ್ಬಳೇ.

ಆ ಗಾಡಿಗೆ ಅವನು ಎರಡು ವರ್ಷ ತೆಗೆದುಕೊಂಡಿದ್ದ. ಹಳೆಯ ಬೈಕೊಂದರ ಹಿಂಚಕ್ರ ತೆಗೆದು, ಎದುರಂಗಡಿಯ ವೆಲ್ಡಿಂಗಿನವನ ಹತ್ತಿರ ಅಚ್ಚು ಮಾಡಿಸಿ, ಎರಡು ಚಕ್ರ ಕೂರಿಸಿದ್ದ. ಗುಜರಿಗೆ ಬಂದಿದ್ದ ದೊಡ್ಡ ಬೈಕಿನ, ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರನ್ನು ಸೀಟಿನ ಕೆಳಗೆ ಹಾಕಿದ್ದ. ಅದಕ್ಕೊಂದು ಅಡ್ಜಸ್ಟರ್ ಇತ್ತು. ಗಾಡಿಯ ಹಿಂಬದಿ, ಎಡಗಡೆ, ಹೆಬ್ಬೆರಳ ದಪ್ಪದ ನಾಬು. ಅದನ್ನು ತಿರುಗಿಸಿದರೆ ಒಳಗಿನ ಪುಟ್ಟ ಪಿಸ್ಟನ್ ಎಣ್ಣೆಯನ್ನು ಕೊಳವೆಯಲ್ಲಿ ತಳ್ಳಿ ಸ್ಪ್ರಿಂಗನ್ನು ಬಿಗಿಮಾಡುತ್ತಿತ್ತು. ಒಂದೊಂದು ಹೆಜ್ಜೆಗೂ ಒಂದೊಂದು ಟಿಕ್ಕು. ಒಬ್ಬರೇ ಕೂತರೆ ಐದು ಟಿಕ್ಕು, ಇಬ್ಬರಾದರೆ ಹದಿನಾಲ್ಕು. ಸವಾರನ ಸೀಟಿನಿಂದ ಅದು ಕೈಗೆ ಎಟುಕುತ್ತಿರಲಿಲ್ಲ. ಹಾಗಾಗಿ ಅದು ಅಕ್ಕನ ಕೆಲಸವಾಯಿತು. ಬೆಳಗ್ಗೆ ಹತ್ತುವ ಮೊದಲು ಬಗ್ಗಿ ಹದಿನಾಲ್ಕಕ್ಕೆ ಏರಿಸುವಳು. ಹೊಲಿಗೆ ಅಂಗಡಿಯ ಮುಂದೆ ಇಳಿದು ಐದಕ್ಕೆ ಇಳಿಸಿ, ಗಂಡನ ಬೆನ್ನು ತಟ್ಟಿ, "ಹೊರಡಿ" ಅನ್ನುವಳು. ಅವನು ಮುಂದಿನ ರಸ್ತೆಯ ಬೈಂಡಿಂಗ್ ಅಂಗಡಿಗೆ ಹೋಗುವನು. ಇಪ್ಪತ್ತೊಂದು ವರ್ಷ ಹೀಗೇ ನಡೆದಿತ್ತು.

"ಒಳಗೆ ಬನ್ನಿ ಭಾವ. ಏನಾಯ್ತು ಗಾಡಿಗೆ?"

ಭಾವ ಕುರ್ಚಿಯಲ್ಲಿ ಕೂತು, ಕೈಚೀಲದಿಂದ ಕಾಗದದಲ್ಲಿ ಸುತ್ತಿದ್ದೊಂದನ್ನು ತೆಗೆದ. ಬಿಸ್ಕತ್ತು ಡಬ್ಬಿಯ ತಗಡಿನ ಮುಚ್ಚಳ. ಅದರೊಳಗೆ ನಾಲ್ಕು ಮಡಿಕೆಯ ನೀಲಿ ಬಟ್ಟೆ, ಎಣ್ಣೆ ಕುಡಿದು ಕಪ್ಪಾಗಿತ್ತು.

"ಗಾಡಿ ನಿಲ್ಲಿಸೋ ಜಾಗ ಗುಡಿಸ್ತಿದ್ದೆ. ಅಡಿಗೆ ಇದು ಸಿಕ್ತು. ತುಂಬಿ ಹರಿದು ನೆಲಕ್ಕೆಲ್ಲ ಇಳಿದಿತ್ತು. ನಾನಂತೂ ಇಟ್ಟದ್ದಲ್ಲ ಕಣಯ್ಯಾ. ಬ್ರೇಕಿಂದೇನೋ ಅಂತ ಭಯ ಆಯ್ತು."

ಮೇಸ್ತ್ರಿ ಮುಚ್ಚಳವನ್ನು ತೆಗೆದುಕೊಂಡ. ಬಟ್ಟೆಯ ಅಂಚನ್ನು ಕಚ್ಚಾ ಹೊಲಿಗೆ ಹಾಕಿ ಮಡಿಚಿತ್ತು. ಎಣ್ಣೆ ಹೀರುವ ಬಟ್ಟೆಗೂ ಅಂಚು ಹೊಲಿಯುವ ಕೈ ಈ ಲೋಕದಲ್ಲಿ ಒಂದೇ ಇತ್ತು.

ಅವಳು ಫೋನು ಮಾಡಿದ್ದಳು. "ಪುಟ್ಟಾ, ಗಾಡಿ ಅಡಿಗೆ ಎಣ್ಣೆ ತೊಟ್ಟಿಕ್ಕುತ್ತೆ ಕಣೋ. ಆ ನಾಬಿನ ಹತ್ರ. ನಿಮ್ಮ ಭಾವಂಗೆ ಹೇಳ್ಬೇಡ, ಹೆದರಿ ಗಾಡಿ ಮುಟ್ಟೋದೇ ಬಿಟ್ಬಿಡ್ತಾರೆ. ಒಂದ್ಸಲ ಬಂದು ನೋಡು." "ನಾಳೆ ಬರ್ತೀನಿ ಅಕ್ಕ" ಅಂದಿದ್ದ. ಅದಾಗಿ ಹದಿನಾರನೆಯ ದಿನ ಅವಳು ಇರಲಿಲ್ಲ.

"ಬ್ರೇಕಲ್ಲ ಭಾವ" ಎಂದ. ಮಂಡಿಯೂರಿ, ಟಾರ್ಚು ಹಿಡಿದು ಗಾಡಿಯ ಹಿಂಬದಿಗೆ ತಲೆ ತೂರಿಸಿದ. "ಶಾಕಿನ ಅಡ್ಜಸ್ಟರ್ ಸೋರ್ತಿದೆ. ಒಳಗಿನ ರಬ್ಬರ್ ಉಂಗುರ ಹೋಗಿದೆ. ಅಷ್ಟೆ."

"ನಿಮ್ಮಕ್ಕನ ನಾಬಾ?"

"ಹೂಂ. ಅಕ್ಕನ ನಾಬು."

ಭಾವ ಊರುಗೋಲಿನ ತಲೆಯನ್ನು ಅಂಗೈಯಲ್ಲಿ ತಿರುವುತ್ತಿದ್ದ.

"ಅದು ಹದಿನಾಲ್ಕರಲ್ಲೇ ಇದೆ ಅಲ್ವಾ? ನೋಡು."

ನಾಬಿನ ಮೇಲೆ ಧೂಳು ಕೂತು ಎಣ್ಣೆಯ ಜೊತೆ ಹೆಪ್ಪುಗಟ್ಟಿತ್ತು. ಹನ್ನೊಂದು ತಿಂಗಳಿಂದ ಯಾರ ಬೆರಳೂ ಸೋಕಿರಲಿಲ್ಲ.

"ಹದಿನಾಲ್ಕರಲ್ಲೇ ಇದೆ."

"ಆಸ್ಪತ್ರೆ ಬಾಗಿಲಲ್ಲಿ ಇಳಿದ್ಲು. ನಾನೇ ಕೇಳ್ದೆ, ಟಿಕ್ಕು ಇಳಿಸೋದಿಲ್ವೇನೇ ಅಂತ. ಬಗ್ಗೋಕಾಗಲ್ಲ ಅಂದ್ಲು. ಹೊಟ್ಟೆ ಹಿಡ್ಕೊಂಡಿದ್ಲು. 'ಇರ್ಲಿ ಬಿಡಿ, ವಾಪಸ್ ಹೋಗೋವಾಗ ನಾನೂ ಇರ್ತೀನಲ್ಲ, ಸುಮ್ನೆ ಎರಡೆರಡು ಸಲ ಯಾಕೆ' ಅಂದ್ಲು." ಅವನು ಊರುಗೋಲನ್ನು ಇನ್ನೊಂದು ಕೈಗೆ ಬದಲಿಸಿದ. "ನಾಲ್ಕು ದಿನ ಆದ್ಮೇಲೆ ನಾನೊಬ್ನೇ ಬಂದೆ. ಅವಳು ಇಟ್ಟ ಹಾಗೇ ಇರ್ಲಿ ಅಂತ ಬಿಟ್ಟಿದ್ದೀನಿ. ನೀನೂ ಅದನ್ನ ಕದಲಿಸ್ಬೇಡ."

ಈ ಮಾತು ಮೇಸ್ತ್ರಿಗೆ ಗೊತ್ತಿರಲಿಲ್ಲ. ವಾರಕ್ಕೊಮ್ಮೆ ಭಾವನ ಮನೆಗೆ ಹೋಗಿ, ಅಡುಗೆಮನೆಯ ನಲ್ಲಿ ಸರಿಯಿದೆಯೋ, ಊರುಗೋಲಿನ ರಬ್ಬರು ಸವೆದಿದೆಯೋ ನೋಡಿ ಬರುತ್ತಿದ್ದ. ಗಾಡಿಯ ಹತ್ತಿರ ಮಾತ್ರ ಸುಳಿದಿರಲಿಲ್ಲ.

"ಇಬ್ಬರ ಬಿಗಿಯಲ್ಲಿ ಒಬ್ಬರೇ ಓಡಿಸಿದ್ರೆ ಸೊಂಟ ಏನಾಗ್ಬೇಡ ಭಾವ? ಕುಲುಕಾಟ ಬೇಡ ಅಂತ ಡಾಕ್ಟ್ರು ಹೇಳಿದ್ರಲ್ಲ ನಿಮಗೆ?"

"ಹೇಳಿದ್ರು. ಮೊದಮೊದಲು ಒಂದೊಂದು ಹಳ್ಳಕ್ಕೂ ಎತ್ತಿ ಎತ್ತಿ ಎಸೀತಿತ್ತು ಕಣೋ. ಮನೆಗೆ ಹೋಗಿ ಅಂಗಾತ ಮಲಗಿದ್ರೆ ಏಳೋಕಾಗ್ತಿರಲಿಲ್ಲ. ಎಸೆದಾಗೆಲ್ಲ, ಹಿಂದೆ ಖಾಲಿ, ಹಿಂದೆ ಖಾಲಿ ಅನ್ನೋದು." ಅವನು ಮುಗುಳ್ನಕ್ಕ. "ಆಮೇಲಾಮೇಲೆ ಕಡಿಮೆ ಆಯ್ತು. ಈಗ ಗೊತ್ತೇ ಆಗಲ್ಲ. ಅಭ್ಯಾಸ ಆಗೋಯ್ತು. ಮನುಷ್ಯನಿಗೆ ಯಾವುದು ತಾನೆ ಅಭ್ಯಾಸ ಆಗಲ್ಲ ಹೇಳು? ನನಗೆ ನನ್ನ ಮೇಲೇ ಆಶ್ಚರ್ಯ. ಆಗಲ್ಲ ಅಂದ್ಕೊಂಡಿದ್ದೆ. ಆಯ್ತು."

ಗಾಡಿಯ ಅಡಿಯಲ್ಲಿ ಟಾರ್ಚು ಹಿಡಿದಿದ್ದ ಕೈ ಹಾಗೇ ನಿಂತಿತು.

ಎಣ್ಣೆ ಸೋರಿ ಸೋರಿ ಸ್ಪ್ರಿಂಗು ತಾನಾಗಿಯೇ ಸಡಿಲವಾಗಿತ್ತು. ನಾಬು ಹದಿನಾಲ್ಕು ಅನ್ನುತ್ತಿತ್ತು, ಒಳಗೆ ಐದೂ ಉಳಿದಿರಲಿಲ್ಲ. ಹನಿ ಹನಿಯಾಗಿ, ದಿನಕ್ಕಿಷ್ಟಿಷ್ಟೇ ಇಳಿದು, ಗಾಡಿ ಒಬ್ಬನ ಗಾಡಿಯಾಗಿತ್ತು. ಅದನ್ನೇ ಈ ಮನುಷ್ಯ ತನ್ನ ಎದೆ ಗಟ್ಟಿಯಾಯಿತೆಂದು ತಿಳಿದು ಬದುಕುತ್ತಿದ್ದ.

ಈಗ ರಬ್ಬರ್ ಉಂಗುರ ಬದಲಿಸಿ, ಎಣ್ಣೆ ತುಂಬಿ, ಅವನು ಕೇಳಿದಂತೆ ಹದಿನಾಲ್ಕಕ್ಕೆ ಇಟ್ಟುಕೊಟ್ಟರೆ? ಇಲ್ಲಿಂದ ಹೊರಟು ಚಪ್ಪಡಿಕಲ್ಲು ದಾಟುವಾಗಲೇ ಗಾಡಿ ಅವನನ್ನು ಎತ್ತಿ ಎಸೆಯುತ್ತದೆ. ಹಿಂದೆ ಖಾಲಿ, ಎಂದು ಮೊದಲ ದಿನದಷ್ಟೇ ಜೋರಾಗಿ ಹೇಳುತ್ತದೆ. ನಿಜ ಸಂಗತಿ ಬಿಡಿಸಿ ಹೇಳಿದರೆ? ನಿಮಗೆ ಅಭ್ಯಾಸವಾದದ್ದಲ್ಲ ಭಾವ, ಎಣ್ಣೆ ಸೋರಿದ್ದು. ಇಷ್ಟೇ ಮಾತು. ಅದನ್ನು ಹೇಳುವ ಬಾಯಿ ಅವನಿಗಿರಲಿಲ್ಲ.

"ಏನಯ್ಯಾ, ಅಲ್ಲೇ ನಿದ್ದೆ ಹೋದ್ಯಾ? ನಾಳೆ ಬರ್ಲಾ?"

"ಬೇಡ ಭಾವ. ಇವತ್ತೇ ಮಾಡ್ತೀನಿ. ಕೂತ್ಕೊಳ್ಳಿ."

ಈ ಮಾತು ಎದುರಂಗಡಿಗೂ ಕೇಳಿಸಿರಬೇಕು. ವೆಲ್ಡಿಂಗಿನವನು ಕಣ್ಣಿನ ಕಪ್ಪು ಕನ್ನಡಕ ಹಣೆಗೆ ಏರಿಸಿ ಕೂಗಿದ: "ಮೇಸ್ತ್ರಿ, ಇವತ್ತೇ ಅಂದ್ಯಾ? ತಡಿ, ಗೋಡೇಲಿ ತಾರೀಖು ಬರ್ಕೋತೀನಿ!"

"ಬರ್ಕೋ, ಬರ್ಕೋ. ನಿನ್ನ ಗ್ರೈಂಡರ್ ನೋಡ್ಕೋ ಮೊದಲು, ಊರೆಲ್ಲ ಕಿವುಡಾಗಿದೆ."

ಅಚ್ಚಿನ ಕೆಳಗೆ ಜಾಕು ಕೊಟ್ಟು ಗಾಡಿಯ ಬೆನ್ನಿನ ಭಾರ ಇಳಿಸಿದ. ಮೊದಲು ಬ್ರಷ್ಷಿನಿಂದ ಹೆಪ್ಪುಗಟ್ಟಿದ ಧೂಳು ತೆಗೆದ. ಆಮೇಲೆ ಕೈ ನಾಬಿನ ಮೇಲೆ ಹೋಯಿತು, ನಿಂತಿತು.

"ಭಾವ, ಬಿಚ್ಚಬೇಕಾದ್ರೆ ಸೊನ್ನೆಗೆ ಇಳಿಸ್ಲೇಬೇಕು. ಬೇರೆ ದಾರಿ ಇಲ್ಲ."

ಭಾವ ತಲೆ ಕೆಳಗೆ ಹಾಕಿದ. "ಮತ್ತೆ ಹದಿನಾಲ್ಕಕ್ಕೇ ಇಡ್ತೀಯಲ್ಲ?"

"ಇಡ್ತೀನಿ."

"ಸರಿ, ಇಳಿಸು. ಎಣಿಸ್ತೀನಿ."

ಒಂದೊಂದೇ ಟಿಕ್ಕು. ಭಾವ ತುಟಿಯಲ್ಲೇ ಎಣಿಸುತ್ತಿದ್ದ. ಮುದ್ರಣವಾಗಿ ಬಂದ ಹಾಳೆಗಳನ್ನು ಹೆಬ್ಬೆರಳ ತುದಿಯಲ್ಲಿ ಸರ್ರನೆ ಹಾರಿಸಿ ನೂರಕ್ಕೆ ಒಂದೂ ತಪ್ಪದಂತೆ ಎಣಿಸುವ ಮನುಷ್ಯ. ಅವನ ಕಿವಿಯನ್ನು ವಂಚಿಸುವುದು ಸುಲಭವಿರಲಿಲ್ಲ. ಹದಿಮೂರು, ಹದಿನಾಲ್ಕು. ಅಕ್ಕ ಇಟ್ಟದ್ದು ಹೋಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಡ್ಜಸ್ಟರನ್ನು ಬಿಚ್ಚಿ ಮೇಜಿಗೆ ತಂದ. ಒಳಗಿನದು ಜಾರದಂತೆ ತಡೆಯುವ ತಂತಿಬಳೆಯನ್ನು ಇಕ್ಕಳದಿಂದ ಅದುಮಿ ತೆಗೆದು ಪಿಸ್ಟನ್ ಹೊರಕ್ಕೆಳೆದ. ರಬ್ಬರ್ ಉಂಗುರ ಉಗುರಿಗೆ ತಾಗಿದ್ದೇ ಪುಡಿಪುಡಿಯಾಯಿತು. ಅವಳು ಹೇಳಿದ ದಿನವೇ ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ಹೋಗಿದ್ದರೆ ಅವಳೊಂದು ಲೋಟ ಚಹಾ ಕೊಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅದೇನು ಇದೇನು ಎಂದು ತಲೆ ತಿಂದು, ನಿನ್ನ ಅಂಗಿಯ ಗುಂಡಿ ಎಲ್ಲೋ, ಬಿಚ್ಚಿ ಕೊಡು ಅಂದಿರುತ್ತಿದ್ದಳು. ಹೋಗಿದ್ದರೆ ಭಾವ ಈ ಹನ್ನೊಂದು ತಿಂಗಳೂ ಸೊಂಟ ಮುರಿದುಕೊಂಡೇ ಇರುತ್ತಿದ್ದ, ಎಂಬುದೂ ಹೊಳೆಯಿತು. ಅದನ್ನು ಹಿಡಿದು ಸಮಾಧಾನ ಮಾಡಿಕೊಳ್ಳಲು ಅವನ ಮನಸ್ಸು ಒಪ್ಪಲಿಲ್ಲ. ಕೈಗಳು ತಮ್ಮಷ್ಟಕ್ಕೆ ಉಂಗುರದ ಮನೆಯನ್ನು ಒರೆಸುತ್ತಿದ್ದವು.

ಹೊಸ ಉಂಗುರ ಕೂರಿಸಿದ. ತಂತಿಬಳೆ ಹಾಕಿದ. ಎಣ್ಣೆ ತುಂಬುವುದಕ್ಕೆ ಸಿರಿಂಜು ಕೈಗೆ ತೆಗೆದುಕೊಂಡು, ಎದುರಂಗಡಿಯ ಕಡೆ ಕಿವಿಕೊಟ್ಟು ಕಾದ.

ಗ್ರೈಂಡರ್ ಶುರುವಾಯಿತು. ಕಬ್ಬಿಣ ಕಿರುಚುವ ಆ ಸದ್ದಿನ ಮರೆಯಲ್ಲಿ, ಭಾವನಿಗೆ ಬೆನ್ನು ಮಾಡಿ, ಅವನು ನಾಬನ್ನು ಒಂಬತ್ತು ಟಿಕ್ಕು ಮುಂದಕ್ಕೆ ತಿರುಗಿಸಿದ. ಪಿಸ್ಟನ್ ಅಷ್ಟು ದೂರ ಒಳಕ್ಕೆ ಹೋಗಿ ನಿಂತಿತು. ಉಳಿದ ಜಾಗಕ್ಕಷ್ಟೇ ಎಣ್ಣೆ ತುಂಬಿದ. ಗಾಳಿಗುಳ್ಳೆಯೊಂದೂ ಉಳಿಯದಂತೆ ತಟ್ಟಿ ತಟ್ಟಿ ಹೊರಹಾಕಿ, ಬಾಯಿ ಬಿಗಿದ. ಕೊನೆಗೆ ನಾಬನ್ನು ಮಾತ್ರ ಹಿಂದಕ್ಕೆ, ಸೊನ್ನೆಗೆ ತಂದ. ಅದರ ತಿರುಪಿಗೆ ಪಿಸ್ಟನನ್ನು ತಳ್ಳುವುದು ಗೊತ್ತೇ ಹೊರತು ಎಳೆಯುವುದು ಗೊತ್ತಿಲ್ಲ. ಪಿಸ್ಟನ್ ನಿಂತಲ್ಲೇ ನಿಂತಿತು. ಇನ್ನು ಯಾರು ಹದಿನಾಲ್ಕು ಎಣಿಸಿದರೂ ಮೊದಲ ಒಂಬತ್ತು ಬರೀ ಸದ್ದು, ಕೊನೆಯ ಐದೇ ನಿಜ. ಐದೆಂದರೆ ಒಬ್ಬರ ಬಿಗಿ.

ಗ್ರೈಂಡರ್ ನಿಂತಾಗ ಅವನು ಸಿರಿಂಜನ್ನು ಒರೆಸಿ ಕೆಳಗಿಟ್ಟ. ಮೂವತ್ತು ವರ್ಷದ ಕಸುಬಿನಲ್ಲಿ ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಕೆಲಸ ಮಾಡಿದ್ದು ಇದೇ ಮೊದಲು. ಇಪ್ಪತ್ತೊಂದು ವರ್ಷದ ಹಿಂದೆ ಅಕ್ಕನಿಗೆಂದು ಇದೇ ಕೈಯಲ್ಲಿ ಮಾಡಿಟ್ಟಿದ್ದ ಜಾಗವನ್ನು ಇದೇ ಕೈಯಲ್ಲಿ ತೆಗೆದಿದ್ದ. ಇನ್ನು ಈ ಗಾಡಿಯ ಹಿಂದೆ ಯಾರೂ ಕೂರುವಂತಿಲ್ಲ.

ಗಾಡಿಗೆ ಜೋಡಿಸಿ, "ಆಯ್ತು ಭಾವ. ಇನ್ನು ಹದಿನಾಲ್ಕು ಏರಿಸಿದ್ರೆ ಮುಗೀತು" ಅಂದ.

"ತಡಿ" ಎಂದು ಭಾವ ಊರುಗೋಲು ಊರಿ ಎದ್ದ. "ನಾನೇ ತಿರುಗಿಸ್ತೀನಿ."

"ನೀವ್ಯಾಕೆ? ಬಗ್ಗೋಕಾಗಲ್ಲ ನಿಮಗೆ."

"ಇಪ್ಪತ್ತೊಂದು ವರ್ಷ ಸದ್ದು ಕೇಳಿದ್ದೀನಿ, ಒಂದು ದಿನ ಮುಟ್ಟಿಲ್ಲ. ಆ ಮಣೆ ಈ ಕಡೆ ತಳ್ಳು."

ಬೇಡವೆನ್ನಲು ಕಾರಣ ಹೊಳೆಯಲಿಲ್ಲ. ಗಾಡಿಯಡಿ ಕೂರುವ ತನ್ನ ಮಣೆಯನ್ನು ಸರಿಸಿ, ರಟ್ಟೆ ಹಿಡಿದು ಭಾವನನ್ನು ಕೂರಿಸಿದ. ಅಂಟು, ದಾರ, ಹಾಳೆಗಳಲ್ಲಿ ಪಳಗಿದ ಆ ತೆಳು ಬೆರಳುಗಳು ನಾಬನ್ನು ಹಿಡಿದವು. ಟಿಕ್. ಟಿಕ್. ಟಿಕ್. ಮೇಸ್ತ್ರಿ ಆ ಬೆರಳುಗಳನ್ನೇ ನೋಡುತ್ತಿದ್ದ. ಒಂಬತ್ತು ಆಯಿತು. ಹತ್ತಕ್ಕೆ ಬೆರಳು ಬಿಳುಪೇರಿತು. ಭಾವ ನಿಂತ.

"ಇಲ್ಲೀವರೆಗೂ ಹೂ ಎತ್ತಿದ ಹಾಗೆ ಬಂತು. ಈಗ ಬಿಗಿ ಆಯ್ತು. ಇದು ಹೀಗೇನಾ?"

"ಹೀಗೇ ಭಾವ."

"ಅವಳಿಗೂ ಹೀಗೇ ಇತ್ತಾ?"

"...ಹೂಂ. ಹೀಗೇ ಇತ್ತು."

ಭಾವ ಉಳಿದ ನಾಲ್ಕನ್ನೂ ಹಲ್ಲು ಕಚ್ಚಿ ತಿರುಗಿಸಿದ. "ಇಷ್ಟೊಂದು ಬಿಗಿ. ದಿನಾ ಎರಡು ಹೊತ್ತು. ಒಂದ್ಸಲನಾದ್ರೂ ಹೇಳಲಿಲ್ಲ ನೋಡು, ಕಳ್ಳಿ" ಎಂದು ಬೆರಳನ್ನು ಉಜ್ಜಿಕೊಂಡ. "ಎಣ್ಣೆ ಸೋರ್ತಿದ್ದದ್ದನ್ನೂ ಹೇಳಲಿಲ್ಲ. ಮುಚ್ಚಳ ಇಟ್ಟು ಸುಮ್ನಾದ್ಲು. ಅದು ಅವಳದೇ ಅಂತ ಹೊಲಿಗೆ ನೋಡಿದ ಕೂಡ್ಲೇ ಗೊತ್ತಾಯ್ತು ನನಗೆ. ನಿನಗೆ ಹೇಳಿದ್ಲಾ?"

ಮೇಸ್ತ್ರಿ ಜಾಕು ಇಳಿಸತೊಡಗಿದ. "ಹೇಳಿದ್ಲು" ಎಂದ. "ನಾಳೆ ಬರ್ತೀನಿ ಅಂದಿದ್ದೆ."

ಭಾವ ಅವನ ಬೆನ್ನ ಮೇಲೆ ಒಮ್ಮೆ ಕೈ ಇಟ್ಟು ತೆಗೆದ. ಅಕ್ಕ ಗಂಡನ ಬೆನ್ನನ್ನು ತಟ್ಟುತ್ತಿದ್ದ ಹಾಗೆಯೇ ಇತ್ತು ಅದು. ಆಮೇಲೆ ಊರುಗೋಲನ್ನು ಕೊಕ್ಕೆಗೆ ಸಿಕ್ಕಿಸಿ, ಗಾಡಿ ಏರಿ ಚಾಲೂ ಮಾಡಿದ. "ಒಂದು ಸುತ್ತು ಹೋಗಿ ಬರ್ತೀನಿ. ಇಲ್ಲೇ ಇರು."

ಗಾಡಿ ಹೊರಟಿತು. ದಡ್. ದುಬ್. ಮೇಸ್ತ್ರಿ ತಗಡಿನ ಮುಚ್ಚಳವನ್ನು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಬೀದಿಯ ಕೊನೆಯಲ್ಲಿ ಗಾಡಿ ತಿರುಗಿತು, ನೀರಿನ ಟ್ಯಾಂಕಿನ ಹಿಂದೆ ಮರೆಯಾಗಿ ಮತ್ತೆ ಕಾಣಿಸಿಕೊಂಡಿತು. ದಡ್, ಚಪ್ಪಡಿಕಲ್ಲಿನ ಮೇಲೆ. ಅವನು ಕಣ್ಣು ಮುಚ್ಚಿಕೊಂಡ. ದುಬ್. ಮೆತ್ತಗೆ, ತುಂಬಿದ ಚೀಲವನ್ನು ಹುಷಾರಾಗಿ ನೆಲಕ್ಕಿಟ್ಟ ಹಾಗೆ. ಕಿವಿ ಈಗಲೂ ಅದನ್ನೇ ಹೇಳಿತು, ಹಿಂದೆ ಅಕ್ಕ ಕೂತಿದ್ದಾಳೆ.

ಭಾವನ ಮುಖ ಅರಳಿತ್ತು. ಇಂಜಿನ್ ಆರಿಸದೆಯೇ ಕೂಗಿ ಹೇಳಿದ: "ನೋಡ್ದಾ? ಹೊಸ ರಬ್ಬರು, ಹೊಸ ಎಣ್ಣೆ, ನನ್ನ ಕೈಯಾರೆ ಹದಿನಾಲ್ಕು ಟಿಕ್ಕು. ಆದ್ರೂ ಒಂಚೂರೂ ಎತ್ತಿ ಎಸೀಲಿಲ್ಲ! ನಾನು ಹೇಳ್ಲಿಲ್ವಾ ನಿನಗೆ?"

"ಹೇಳಿದ್ರಿ ಭಾವ."

"ಅಭ್ಯಾಸ ಆಗೋಗಿದೆ ಕಣೋ. ನನ್ನಂಥವನಿಗೇ ಆಯ್ತು ಅಂದ್ರೆ ನೋಡು. ನೀನು ಸುಮ್ನೆ ಒಳಗೊಳಗೇ ಕೊರಗ್ಬೇಡ. ನಿನಗೂ ಆಗುತ್ತೆ." ಭಾವ ಮುಂದಕ್ಕೆ ಬಗ್ಗಿ ಅವನ ಮುಖ ನೋಡಿದ. "ಆಗಿದೆಯೇನೋ? ಸ್ವಲ್ಪನಾದ್ರೂ? ಹೇಳೋ ಪುಟ್ಟಾ—"

ಹನ್ನೊಂದು ತಿಂಗಳ ಮೇಲೆ ಯಾರೋ ಆ ಹೆಸರು ಕರೆದಿದ್ದರು. ಮೇಸ್ತ್ರಿ ಮುಚ್ಚಳದಲ್ಲಿದ್ದ ಅಕ್ಕನ ಬಟ್ಟೆ ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು, ಭಾವ ಇನ್ನೂ ಏನೋ ಕೇಳುತ್ತಿರುವಾಗಲೇ, ಬೆನ್ನು ತಿರುಗಿಸಿ ಹಿತ್ತಲ ನಲ್ಲಿಯ ಕಡೆಗೆ ನಡೆದುಬಿಟ್ಟ.